ಆರು ಗಂಟೆಯ ಮೇಲೆ

ತಮ್ಮಾ,

ಸಂಜೆ ಆರರ ಮೇಲೆ ಸಮಯವೆಲ್ಲ ಮನೆಯವರಿಗೇ ಎಂಬ ನಿನ್ನ ನಿಯಮವನ್ನು ನಮ್ಮ ಲಾಂಡ್ರಿಗೆ ಬರುವವರೆಲ್ಲ ಹೊಗಳುತ್ತಾರೆ. ಆರರ ಮೇಲೆ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಲ್ಲುವವಳು ನಾನು ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಿನ್ನೆ ಸಂಜೆ ಈಜು ತರಗತಿಯಲ್ಲಿ ನನ್ನನ್ನು ಮೊದಲ ಸಲ ಆಳದ ನೀರಿಗೆ ಇಳಿಸುತ್ತಾರೆ ಎಂದು ನಿನಗೆ ವಾರದ ಹಿಂದೆಯೇ ಹೇಳಿದ್ದೆ. ಆದರೂ ನೀನು ಬೈಕ್ ಹತ್ತುತ್ತಾ, "ಇವತ್ತೊಂದಿನ ನೋಡ್ಕೋ ಅಕ್ಕಾ. ನಿಂಗೇನು, ಮನೇಲಿ ಕಾಯೋರು ಯಾರಿದ್ದಾರೆ?" ಎಂದೆ.

ಗಂಡ ಸತ್ತವಳಿಗೆ ಸಂಜೆಯೇ ಇರುವುದಿಲ್ಲ ಎಂದುಕೊಂಡೆಯಾ? ನನಗೆ ಮೈಯೆಲ್ಲ ಉರಿದುಹೋಯಿತು. ರಾತ್ರಿಯೇ ಕೊಡಬೇಕಿದ್ದ, ಅರ್ಧ ಇಸ್ತ್ರಿಯಾಗಿದ್ದ ಕೋಟನ್ನು ಮೇಜಿನ ಮೇಲೇ ಬಿಟ್ಟು, ಸ್ವಿಚ್ ಆರಿಸಿ, ಬಾಗಿಲಿಗೆ ಬೀಗ ಜಡಿದು ಹೋದೆ. ಕೊಳದಲ್ಲಿ ಮೂಗಿಗೆ, ಬಾಯಿಗೆ ನೀರು ನುಗ್ಗಿತು. ಕೆಮ್ಮುತ್ತಾ, ನಿನ್ನನ್ನು ಬೈಯುತ್ತಾ ಆಚೆ ಬದಿ ಮುಟ್ಟಿದೆ.

ಇನ್ನು ಮೇಲೆ ನನಗೂ ಒಂದು ನಿಯಮವಿದೆ. ವಾರದಲ್ಲಿ ಮೂರು ಸಂಜೆ ಅಂಗಡಿ ನಿನ್ನದು. ನಿನ್ನ ಹೆಂಡತಿಗೂ ಹೇಳಿದ್ದೇನೆ. "ಇಷ್ಟು ದಿನ ಯಾಕೆ ಸುಮ್ನಿದ್ರಿ ಅತ್ತಿಗೆ?" ಎಂದು ನನ್ನನ್ನೇ ಕೇಳಿದಳು.

ಆ ಕೋಟು ಕೊಟ್ಟವರು ಇವತ್ತು ಸಂಜೆ ಕೂಗಾಡಲು ಬರುತ್ತಾರೆ. ಕ್ಷಮೆ ನೀನೇ ಕೇಳು. ನನಗೆ ಫೋನ್ ಮಾಡಬೇಡ, ನೀರಿನಲ್ಲಿರುತ್ತೇನೆ.

ಇನ್ನೂ ಸಿಟ್ಟು ಇಳಿಯದ
ನಿನ್ನ ಅಕ್ಕ