ಮೂಗೆತ್ತಿ ಕೂತ ಇಂಜಿನ್

ಮನೆಯಿಂದ,
ಗುರುವಾರ, ಊಟವಾದ ಮೇಲೆ

ಪ್ರೀತಿಯ ಮಗನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪಾ? ಕೆಮ್ಮು ಇಳಿಯಿತೇ? ಗೋದಾಮಿನ ದೂಳಿಗೆ ಮೂಗಿಗೊಂದು ಬಟ್ಟೆ ಕಟ್ಟಿಕೋ ಅಂದರೆ ಕೇಳುವ ಆಸಾಮಿಯಲ್ಲ ನೀನು. ನನ್ನ ಮಂಡಿನೋವು ಹಾಗೇ ಇದೆ, ಈಗ ಅದಕ್ಕೂ ನನಗೂ ಒಳ್ಳೆಯ ಸ್ನೇಹ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ, ಉಗುರುಸಂದಿಯ ತುಕ್ಕೊಂದನ್ನು ಬಿಟ್ಟರೆ.

ಆ ತುಕ್ಕಿನ ವಿಷಯವನ್ನೇ ಬರೆಯಲು ಕೂತೆ. ನಡುನೀರಿನಲ್ಲಿ ಇಂಜಿನ್ ವಿಪರೀತ ಕಾದು ನಿಂತು, ದೋಣಿ ಬಂಡೆಗೆ ಬಡಿದು ಮುಳುಗಿದಾಗ ಒಂದು ಜೀವಕ್ಕೂ ಏನೂ ಆಗಲಿಲ್ಲ. ಆದರೂ ನೀನು "ನನ್ನಿಂದಲೇ ಆಯ್ತು, ನಾನಿನ್ನು ಚುಕ್ಕಾಣಿ ಮುಟ್ಟಲ್ಲ, ಅದನ್ನ ಗುಜರಿಗೆ ಹಾಕಿ" ಅಂತ ಹೇಳಿ ಹೊರಟುಬಿಟ್ಟೆ. ನಾವು ಹಾಕಲಿಲ್ಲ. ಸಿಟ್ಟಾಗಬೇಡ, ಸಿಟ್ಟಾದರೂ ಚಿಂತೆಯಿಲ್ಲ. ದಡದವರು ದೋಣಿಯನ್ನು ಎಳೆದು ತಂದರು, ಬಡಗಿ ಹಲಗೆ ಬದಲಾಯಿಸಿದ. ಇಂಜಿನ್ನನ್ನು ನಿನ್ನ ಹೆಂಡತಿ ಹಿತ್ತಿಲಿಗೆ ಹೊರಿಸಿಕೊಂಡು ಬಂದು, ನಾನು ತರಕಾರಿ ಹೆಚ್ಚುವ ಕಟ್ಟೆಯ ಮೇಲೇ ಕೂರಿಸಿದಳು. ನಿನ್ನ ಮೆಕ್ಯಾನಿಕ್ ಸೋದರಮಾವ ಎಲ್ಲ ಬಿಚ್ಚಿ ನೋಡಿ, "ಪಿಸ್ಟನ್ನಿಗೇನೂ ಆಗಿಲ್ಲ ಕಣಮ್ಮ, ತಂಪು ನೀರು ಓಡಾಡೋ ದಾರಿಗಳೇ ಕಟ್ಟಿಕೊಂಡಿವೆ" ಅಂದ.

ಅಲ್ಲಿಂದ ಶುರುವಾಯಿತು ನೋಡು ಇವಳ ಉಡದ ಪಟ್ಟು. ಬದಿಯ ನೀರಿನ ತೂತುಗಳಿಗೆ ಬಡಿದಿದ್ದ ಮುಚ್ಚಳಬಿಲ್ಲೆಗಳನ್ನು ಕಿತ್ತು, ಹಳೆಯ ಸೈಕಲ್ಲಿನ ಬ್ರೇಕ್ ತಂತಿಯ ತುದಿಯನ್ನು ಎಳೆ ಎಳೆಯಾಗಿ ಬಿಡಿಸಿ, ಒಳಗೆ ತೂರಿಸಿ ತಿರುಗಿಸಿದಳು. ತುಕ್ಕು ಚಕ್ಕೆ ಚಕ್ಕೆಯಾಗಿ ಉದುರಿತು. ಬಿಸಿನೀರಿನ ಪಾತ್ರೆಯ ತಳಕ್ಕೆ ಕಟ್ಟುತ್ತದಲ್ಲ, ಅಂಥ ಬಿಳಿ ಗಷ್ಟು ಮಾತ್ರ ತಂತಿಗೆ ಜಗ್ಗಲಿಲ್ಲ. ಅದಕ್ಕೆ ನಿಂಬೆಹುಳಿ ಪುಡಿಯನ್ನು ಬಿಸಿನೀರಲ್ಲಿ ಕದಡಿ ಹೊಯ್ದಳು. ಬುಸುಬುಸು ನೊರೆ! ಇನ್ನಷ್ಟು ಹೊತ್ತು ಬಿಡೇ ಅಂದರೆ, "ಬೇಡ ಅತ್ತೆ, ಗಷ್ಟು ಮುಗಿದ ಮೇಲೆ ಹುಳಿ ಕಬ್ಬಿಣಕ್ಕೇ ಬಾಯಿ ಹಾಕುತ್ತೆ" ಅಂತ ಅಡುಗೆ ಸೋಡಾ ಕದಡಿದ ನೀರು ಹಾಕಿ ತೊಳೆದುಬಿಟ್ಟಳು. ಕೊನೆಗೆ ಬಂದ ನೀರು ಕುಡಿಯುವಷ್ಟು ತಿಳಿಯಾಗಿತ್ತು. ನಿನ್ನ ಮಾವ ಮೀಸೆ ತಿರುವಿದ.

ಎಲ್ಲ ಜೋಡಿಸಿ, ಪೈಪಿನಿಂದ ನೀರು ಬಿಟ್ಟುಕೊಂಡು ಓಡಿಸಿದರೆ, ಮುಂಭಾಗ ತಣ್ಣಗಿದೆ, ಹಿಂಭಾಗಕ್ಕೆ ನೀರು ಚಿಮುಕಿಸಿದರೆ ಚೊಯ್ ಅನ್ನುತ್ತದೆ. ಮಾವನ ಮುಖ ಹುಳ್ಳಗಾಯಿತು. ನಾನಂತೂ ಇನ್ನು ನೀನು ಬಂದ ಹಾಗೇ ಅಂದುಕೊಂಡು ಪೈಪು ಸುತ್ತಿಡಲು ಹೊರಟೆ. ಇವಳು ದಡಕ್ಕೆ ಹೋಗಿ, ಖಾಲಿ ದೋಣಿಯೊಳಗೆ ಬೋರಲು ಮಲಗಿ, ಇಂಜಿನ್ ಕೂರುವ ಮರದ ದಿಮ್ಮಿಗಳನ್ನು ನೋಡಿ ನಗುತ್ತಾ ಬಂದಳು. "ಅತ್ತೆ, ದೋಣೀಲಿ ಇದು ಮೂಗೆತ್ತಿ ಕೂರುತ್ತೆ! ನಾವು ಸಮ ಇಟ್ಟು ತೊಳೆದಿದ್ದೀವಿ. ಇಷ್ಟು ವರ್ಷದ ಹೂಳು ಹಿಂದಿನ ಮೂಲೇಲಿ ಅಡಗಿ ಕೂತಿದೆ."

ಮತ್ತೆ ಗೇರ್ ಪೆಟ್ಟಿಗೆ ಬಿಚ್ಚಿ, ಅದರ ಹಿಂದೆ ಇಂಜಿನ್ನಿನ ಬೆನ್ನಲ್ಲಿ ಅಡಗಿದ್ದ ಬಿಲ್ಲೆ ತೆಗೆದಳು. ಮುಂಭಾಗಕ್ಕೆ ಇಟ್ಟಿಗೆ ಕೊಟ್ಟು ಮೇಲೆತ್ತಿ ನೀರು ಬಿಟ್ಟರೆ, ಅಬ್ಬಬ್ಬಾ, ಕರಿ ಕೆಸರು ಗೊಳಕ್ಕೆಂದು ನನ್ನ ಕಾಲ ಮೇಲೇ ಬಿತ್ತು! ಈಗ ಇಂಜಿನ್ನಿನ ತುದಿಯಿಂದ ತುದಿಗೆ ಒಂದೇ ಹದದ ಬಿಸಿ. ಅವಳೆದುರಿಗೆ ಹೊಗಳುವವಳಲ್ಲ ನಾನು, ನಿನಗೆ ಹೇಳುತ್ತೇನೆ: ಇಂಥ ಹೆಣ್ಣನ್ನು ನಾನು ಕಂಡಿಲ್ಲ ಕಣೋ. ನೋಡುತ್ತಾ ನೋಡುತ್ತಾ ಕಣ್ಣು ತುಂಬಿ ಬಂತು.

ಹೊತ್ತಿಗೆ ಸರಿಯಾಗಿ ಉಣ್ಣು. ಮಾವ ನಿನ್ನನ್ನು ಕೇಳಿದ ಅಂತ ಬರೆಯಲು ಹೇಳಿದ್ದಾನೆ. ನೂರು ಕಾಲ ಬಾಳು.

ನಿನ್ನ ಅಮ್ಮ

ತಾ.ಕ.: ಇವಳು ಕೈ ತೊಳೆಯಲು ಹೋದಾಗ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಆ ಕೆಸರಿನ ಜೊತೆ ಒಂದು ಬಟ್ಟೆಯುಂಡೆಯೂ ಬಂತು. ಇವಳು ಜಾಲಿಸಿ ನನ್ನ ಕೈಗಿಟ್ಟಳು, ಯಾರ ಕೈಯದೆಂದು ಹೇಳುವುದನ್ನು ನನಗೇ ಬಿಟ್ಟಳು. ನೀಲಿ ಹೂವಿನದು, ನಮ್ಮ ಹಳೆಯ ದಿಂಬಿನ ಚೀಲದ್ದು. ಈ ದೋಣಿ ನಡೆಸುತ್ತಿದ್ದ ಕಾಲದಲ್ಲಿ ನಿನ್ನಪ್ಪ ಇಂಜಿನ್ ಬಿಚ್ಚಿದಾಗಲೆಲ್ಲ ಕಸ ಹೋಗದಿರಲಿ ಅಂತ ತೂತುಗಳಿಗೆ ಬಟ್ಟೆ ತುರುಕುತ್ತಿದ್ದರು. ಒಂದನ್ನು ಮರೆತು ಮುಚ್ಚಿದ್ದಾರೆ ಪುಣ್ಯಾತ್ಮರು. ಹೂಳು ಅದಕ್ಕೇ ಕಚ್ಚಿಕೊಂಡು ನೀರಿನ ದಾರಿ ಕಟ್ಟಿದೆ. ದೋಣಿ ಮುಳುಗಿಸಿದ್ದು ನೀನಲ್ಲ ಕಣೋ. ಮನೆಗೆ ಬಾ.