ಸತ್ತಂತೆ ಬೀಳುವ ಬೇಟೆಗಾರ

ಅಣ್ಣಾ,

ಇವತ್ತು ಮಧ್ಯಾಹ್ನ ನಿನ್ನ ಆನ್‌ಲೈನ್ ಆಟದ ಬೇಟೆಗಾರನನ್ನು ನಾನು ಆಡಿಸಿದೆ.

ಕಂಪ್ಯೂಟರ್ ಮುಂದೆ ಕೂತಿದ್ದು ನಿನ್ನ ಖಾತೆ ಮುಚ್ಚಲೆಂದು. ಅಷ್ಟರಲ್ಲಿ ನಿಮ್ಮ ತಂಡದ ಗಾಯ ವಾಸಿಮಾಡುವ ವೈದ್ಯೆ ಪರದೆಯ ಮೇಲೆ ಬರೆದಳು: "ಎಲ್ಲಿ ಹಾಳಾಗಿ ಹೋಗಿದ್ಯೋ ಇಷ್ಟು ದಿನ? ಬೇಗ ಬಾ." ನಿನ್ನ ಸುದ್ದಿ ಇವರಿಗೆ ಯಾರೂ ತಿಳಿಸಿಲ್ಲವೆಂದು ನನಗೆ ಹೊಳೆದದ್ದೇ ಆಗ. ಹೇಳಲು ಧೈರ್ಯ ಸಾಲದೆ ಆಡತೊಡಗಿದೆ.

ನೀನು ಕಲಿಸಿದಂತೆಯೇ ಮೊದಲು ಬೇಟೆಗಾರನ ಸಾಕು ತೋಳವನ್ನು ರಾಕ್ಷಸನ ಮೇಲೆ ಛೂ ಬಿಟ್ಟೆ. ದೂರ ನಿಂತು ಬಾಣ ಹೊಡೆದೆ. ರಾಕ್ಷಸ ನನ್ನ ಕಡೆ ತಿರುಗಿದ ಕೂಡಲೇ ಸತ್ತಂತೆ ಬೀಳುವ ಕೀ ಒತ್ತಿದೆ. ಪಾತ್ರೆ ತೊಳೆಯಲು ಕರೆದಾಗಲೆಲ್ಲ ನೀನು ಮನೆಯಲ್ಲಿ ಬೀಳುತ್ತಿದ್ದೆಯಲ್ಲ, ಬೇಟೆಗಾರ ಥೇಟ್ ಹಾಗೇ ಬಿದ್ದ. ರಾಕ್ಷಸ ನಂಬಿ ಹೊರಟುಹೋದ.

"ಸಾಕು ನಾಟಕ, ಏಳೋ," ಎಂದು ವೈದ್ಯೆ ಬರೆದಳು.

ಅಡುಗೆಮನೆ ಬಾಗಿಲಲ್ಲಿ ನೀನು ಕೊನೆಯ ಸಲ ಬಿದ್ದ ದಿನ ನಾನು ಹೇಳಿದ್ದೂ ಇದೇ ಮಾತು. ಹೇಳಿ, ನಿನ್ನನ್ನು ದಾಟಿಕೊಂಡು ಒಳಗೆ ಹೋಗಿ, ಟೀ ಸೋಸಿಕೊಂಡು ಕುಡಿದೆ.

ಏಳಿಸುವ ಕೀ ಯಾವುದೆಂದು ನನಗೆ ಗೊತ್ತು. ಬೆರಳು ಅಲ್ಲಿಗೆ ಹೋಗುತ್ತಿಲ್ಲ. ಬೇಟೆಗಾರ ಇನ್ನೂ ಬಿದ್ದೇ ಇದ್ದಾನೆ. ಹಿಂತಿರುಗಿ ಬಂದ ಅವನ ತೋಳ ಪಕ್ಕದಿಂದ ಒಂದು ಹೆಜ್ಜೆಯೂ ಕದಲಿಲ್ಲ.