ನಾಲ್ಕನೇ ಅಧ್ಯಾಯದ ಬಗ್ಗೆ ನನ್ನ ವಿದ್ಯಾರ್ಥಿಗಳು ಬರೆದದ್ದು

ಕಮಲಾಪುರ
23 ಫೆಬ್ರುವರಿ 2025, ರವಿವಾರ

ಪ್ರೀತಿಯ ಮಾಧವಿ,

ನಿನ್ನ ಪತ್ರ ಬಂದು ಏಳು ವಾರವಾಯಿತು. ಫೋನ್ ಎತ್ತದವಳಿಗೆ ಪತ್ರವನ್ನೇ ಬರೆಯಬೇಕಾಯಿತು ಎಂದು ಮೊದಲ ಸಾಲಿನಲ್ಲೇ ನೀನು ಚುಚ್ಚಿದ್ದೆ. ಚುಚ್ಚಿಸಿಕೊಳ್ಳುವ ಕೆಲಸವನ್ನೇ ನಾನು ಮಾಡಿದ್ದೆ. ನೀನಿರುವ ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆ ಒಂದು ತಾಸನ್ನು ನಾನು ಮೂರು ವರ್ಷ ಎಳೆದೆ.

ನಿನ್ನ ಜ್ಞಾನ ನಿರ್ವಹಣೆಯ ಪಠ್ಯಪುಸ್ತಕದ ಬಗ್ಗೆ ನನ್ನ ಬಿ.ಕಾಂ. ವಿದ್ಯಾರ್ಥಿಗಳ ಅಭಿಪ್ರಾಯವನ್ನು ನೀನು ಕೇಳಿದ್ದೆ. ಪ್ರಕಾಶಕರು ಎರಡನೇ ಆವೃತ್ತಿಗೆ ಅವಸರ ಮಾಡುತ್ತಿದ್ದಾರೆ, ಓದುವವರಿಗೆ ಉಪಯೋಗವಿಲ್ಲದಿದ್ದರೆ ಇನ್ನು ಅಚ್ಚು ಹಾಕುವುದು ಬೇಡ ಎಂದುಬಿಡುತ್ತೇನೆ, ಮಾರ್ಚ್ ಮೊದಲ ವಾರದೊಳಗೆ ಉತ್ತರ ಕೊಡಬೇಕು ಎಂದು ಬರೆದಿದ್ದೆ. ನಿನ್ನ ಅಕ್ಷರದಲ್ಲಿ ಬೇಸರ ಕಾಣುತ್ತಿತ್ತು. ಅದನ್ನು ಓದಿ ನನಗೆ ಸಂತೋಷವಾಯಿತು. ಇವತ್ತು ಎಲ್ಲವನ್ನೂ ಇದ್ದದ್ದು ಇದ್ದಹಾಗೆ ಬರೆಯಬೇಕೆಂದು ಕೂತಿದ್ದೇನೆ, ಹಾಗಾಗಿ ಇದನ್ನೂ ಬರೆಯುತ್ತಿದ್ದೇನೆ.

ಆ ಪುಸ್ತಕದ ನಾಲ್ಕನೇ ಅಧ್ಯಾಯ ನನ್ನದು. ನಲವತ್ತು ಪುಟ ಕೈಯಲ್ಲಿ ಬರೆದು, ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ನಿನ್ನ ಕೈಗೆ ಕೊಟ್ಟಿದ್ದೆ. ಪುಸ್ತಕ ಬಂದಾಗ ರಕ್ಷಾಪುಟದ ಮೇಲೆ ನಿನ್ನೊಬ್ಬಳದೇ ಹೆಸರು. ಮುನ್ನುಡಿಯ ಕೊನೆಯಲ್ಲಿ "ನೆರವಾದ ಗೆಳತಿಯರಿಗೆ ಋಣಿ" ಎಂದಿತ್ತು. ನಾನು ಬಹುವಚನವಾಗಿಬಿಟ್ಟಿದ್ದೆ. ಪ್ರಕಾಶಕರು ಒಂದೇ ಹೆಸರು ಸಾಕೆಂದರು ಎಂದು ನೀನು ಹೇಳಿದೆ. ನೀನು ಅವರೊಡನೆ ಜಗಳವಾಡಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಮೊದಲೇ ನಾನು ಫೋನ್ ಇಟ್ಟೆ.

ಈ ವರ್ಷ ಅದೇ ಪುಸ್ತಕ ನಮ್ಮ ಕಾಲೇಜಿಗೆ ಬಂತು. ಒಂದು ಅಂಗಡಿಯಲ್ಲೋ ಕಾರಖಾನೆಯಲ್ಲೋ ಕೆಲಸ ಮಾಡುವವರಿಗೆ ಗೊತ್ತಿರುವುದು ಅವರು ಬಿಟ್ಟು ಹೋದ ದಿನ ಅವರೊಂದಿಗೇ ಹೋಗಿಬಿಡದಂತೆ ನೋಡಿಕೊಳ್ಳುವುದೇ ಜ್ಞಾನ ನಿರ್ವಹಣೆ ಎಂದು ಮೊದಲ ದಿನ ಹುಡುಗರಿಗೆ ಹೇಳಿದೆ. ಆಮೇಲೆ ದಿನಕ್ಕೆ ನಾಲ್ಕು ಪುಟದಂತೆ ಓದಿಸುತ್ತ ಹೋದೆ. ನಿನ್ನ ಪತ್ರ ಬಂದ ಮರುದಿನ ಎಲ್ಲರಿಗೂ ಅರ್ಧರ್ಧ ಹಾಳೆ ಹಂಚಿ, ಹೆಸರು ಹಾಕಬೇಡಿ, ಮನಸ್ಸಿಗೆ ಬಂದದ್ದು ಬರೆಯಿರಿ ಎಂದೆ. ಮೂವತ್ತೆರಡು ಹಾಳೆ ಬಂದವು. ಅವುಗಳಲ್ಲಿ ಕೆಟ್ಟ ಅಭಿಪ್ರಾಯಗಳನ್ನಷ್ಟೇ ಆರಿಸಿ ನಿನಗೆ ಕಳಿಸಬೇಕೆಂಬುದು ನನ್ನ ಲೆಕ್ಕಾಚಾರ. ನಾಲ್ಕನೇ ಅಧ್ಯಾಯವನ್ನು ಹೊಗಳಿದ್ದು ಸಿಕ್ಕರೆ ಅದನ್ನು ಎಲ್ಲಕ್ಕಿಂತ ಮೇಲೆ ಇಡಬೇಕು.

ಕೆಟ್ಟವು ಬೇಕಾದಷ್ಟು ಸಿಕ್ಕವು. "ಉದಾಹರಣೆಗಳೆಲ್ಲ ಜಪಾನಿನವು, ನಮಗೆ ಜಪಾನಿನಲ್ಲಿ ನೌಕರಿ ಸಿಕ್ಕರೆ ಬಹಳ ಉಪಯೋಗ" ಎಂದು ಒಬ್ಬ ಬರೆದಿದ್ದ. "ಪುಸ್ತಕ ಚೆನ್ನಾಗಿದೆ, ಅಕ್ಷರ ದೊಡ್ಡದಿವೆ, ಇನ್ನೂ ಓದಿಲ್ಲ" ಎಂದು ಇನ್ನೊಬ್ಬ. ಮತ್ತೊಬ್ಬಳು, "ನಮ್ಮಪ್ಪ ಇಪ್ಪತ್ತು ವರ್ಷದಿಂದ ಕೆಂಪು ಬಾಳೆ ಬೆಳೆಯುತ್ತಾರೆ. ಯಾವ ಗೊನೆ ಯಾವ ದಿನ ಕಡಿಯಬೇಕೆಂದು ಅವರಿಗೆ ಮಾತ್ರ ಗೊತ್ತು. ಅಂಥವರು ಈ ಪುಸ್ತಕದಲ್ಲಿ ಯಾಕಿಲ್ಲ?" ಎಂದು ಕೇಳಿದ್ದಳು.

ಆದರೆ ನಿನ್ನ ಎರಡನೇ ಅಧ್ಯಾಯವನ್ನು ಒಂಬತ್ತು ಜನ ಮೆಚ್ಚಿದ್ದರು. ಹೆಸರಿಲ್ಲದಿದ್ದರೂ ಒಂದು ಹಾಳೆ ವಹಾಬ್ ಎಂಬ ಹುಡುಗನದೆಂದು ಓದಿದ ಕೂಡಲೇ ಗೊತ್ತಾಯಿತು. ಅವನು ಬಿಡುವಿನ ದಿನಗಳಲ್ಲಿ ಚಿಕ್ಕಪ್ಪನ ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾನೆ. ನಿನ್ನ ಅಧ್ಯಾಯ ಓದಿದ ಮೇಲೆ, ಗಿರಾಕಿಗಳು ಕೇಳಿ ಇಲ್ಲವೆನಿಸಿಕೊಂಡು ಹೋದ ಬಟ್ಟೆಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆಯಲು ಶುರು ಮಾಡಿದ್ದಾನೆ. ಈ ಸಲ ಚಿಕ್ಕಪ್ಪ ಆ ನೋಟುಬುಕ್ ಹಿಡಿದುಕೊಂಡೇ ಸೊಲ್ಲಾಪುರಕ್ಕೆ ಮಾಲು ತರಲು ಹೋದರಂತೆ. ಆ ಹಾಳೆಯನ್ನು ನಾನು ಪಕ್ಕಕ್ಕೆ ಸರಿಸಿ ಇಟ್ಟೆ. ನಿನಗೆ ಕಳಿಸುವ ಗುಂಪಿಗೆ ಸೇರಿಸಲಿಲ್ಲ.

ಹೆಸರು ಹಾಕಬೇಡಿ ಎಂದರೂ ಒಬ್ಬಳು ಕೆಳಗೆ "ಸೃಷ್ಟಿ" ಎಂದು ದುಂಡಗೆ ಬರೆದಿದ್ದಳು. ಮಹಾಗಾಂವದಿಂದ ಬರುವ ಹುಡುಗಿ. ಅವಳು ಬರೆದದ್ದನ್ನು ಹಾಗೇ ಇಳಿಸುತ್ತೇನೆ: "ನಾಲ್ಕನೇ ಅಧ್ಯಾಯವನ್ನು ಬೇರೆ ಯಾರೋ ಬರೆದಂತಿದೆ. ಬರೆದವರಿಗೆ ಬಹಳ ಗೊತ್ತಿದೆ. ಆದರೆ ನಮಗೆ ತಿಳಿಯಲಿ ಎಂಬ ಆಸೆ ಅವರಿಗೆ ಇಲ್ಲ. ಅನುಭವದಿಂದ ಬಂದ ಜ್ಞಾನ ಹೇಳಲು ಬರುವುದಿಲ್ಲ ಎಂದು ಹದಿನೇಳು ಸಲ ಹೇಳಿದ್ದಾರೆ. ಅಂಥ ಜ್ಞಾನ ಇರುವ ಒಬ್ಬ ಮನುಷ್ಯನನ್ನೂ ತೋರಿಸಿಲ್ಲ."

ನಾನು ಎಣಿಸಿದೆ. ಹದಿನೇಳು ಅಲ್ಲ, ಹತ್ತೊಂಬತ್ತು ಸಲ.

ಉಳಿದ ಹಾಳೆಗಳಲ್ಲೂ ನಾಲ್ಕನೇ ಅಧ್ಯಾಯವನ್ನು ಹೊಗಳಿದ್ದು ಒಂದೂ ಇರಲಿಲ್ಲ. ನಿನಗೆ ಕಳಿಸಲೆಂದು ಆರಿಸಿದ್ದ ಕೆಟ್ಟ ಅಭಿಪ್ರಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಮೇಲಿನವೇ. ಮೂರು ವರ್ಷ ಯಾವ ನಲವತ್ತು ಪುಟಗಳಿಗಾಗಿ ನಿನ್ನ ಮೇಲೆ ಮುನಿಸಿಕೊಂಡಿದ್ದೆನೋ, ಅವನ್ನು ಓದಿದವರು ಆಕಳಿಸಿದ್ದರು. ಎರಡು ದಿನ ಆ ಪಾಠವನ್ನೇ ತೆಗೆಯಲಿಲ್ಲ. ಮೂರನೇ ದಿನ ಸೃಷ್ಟಿ ಎದ್ದು ನಿಂತು, "ಮೇಡಂ, ನಾ ಬರ್ದಿದ್ದು ತಪ್ಪಾಗ್ಯಾದೇನ್ರಿ?" ಎಂದಳು. ಇಲ್ಲ ಎಂದೆ. "ಹಂಗಾರ ಅಂಥಾ ಒಬ್ಬರನ್ನ ತೋರಸ್ರಿ ಮೇಡಂ. ನೋಡಿದ್ರ ನಾವೇ ತಿಳ್ಕೋತೀವಿ" ಎಂದಳು. ಇಡೀ ತರಗತಿ ನನ್ನ ಮುಖ ನೋಡುತ್ತಿತ್ತು. ತೋರಿಸುತ್ತೇನೆ ಎಂದುಬಿಟ್ಟೆ.

ಹನ್ನೊಂದು ಜನರನ್ನು ಕರೆದುಕೊಂಡು ಹೊರಟೆ. ಕಲಬುರಗಿಯ ಕಾಳಿನ ಮಾರುಕಟ್ಟೆ ನೆಹರು ಗಂಜಿನ ಹಿಂದೆ ನನಗೆ ಗೊತ್ತಿದ್ದ ಒಂದು ದಾಲ್ ಮಿಲ್ಲಿಗೆ. ತೊಗರಿಯ ಸುಗ್ಗಿ, ಚೀಲಗಳ ಲಾರಿಗಳು ರಸ್ತೆಯ ಅರ್ಧ ನುಂಗಿದ್ದವು. ಅಲ್ಲಿನ ಮ್ಯಾನೇಜರ್ ಬಂದೇನವಾಜ್ ಅವರಿಗೆ ಮೊದಲೇ ಹೇಳಿಟ್ಟಿದ್ದೆ. ಅವರು ನಮ್ಮನ್ನು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಸಿಪ್ಪೆ ಸಡಿಲಾಗಲೆಂದು ಎಣ್ಣೆ ಸವರಿದ ತೊಗರಿಯನ್ನು ಬಿಸಿಲಿಗೆ ಹರವಿದ್ದರು. ಆ ಕಾಳಿನ ಅಂಚಿನಲ್ಲಿ ಗೋಣಿಚೀಲದ ಮೇಲೆ ಶೇವಂತಾಬಾಯಿ ಕೂತಿದ್ದರು. ಅರವತ್ತರ ಆಸುಪಾಸಿನ ಹೆಂಗಸು, ಓದುಬರಹ ಇಲ್ಲ. ಮೂವತ್ತೊಂದು ವರ್ಷದಿಂದ ಅಲ್ಲಿಯೇ ಕೆಲಸ. ಮೊಣಕಾಲು ನೋವಿನಿಂದ ಯುಗಾದಿಗೆ ಕೆಲಸ ಬಿಡುತ್ತೇನೆ ಎಂದು ಹೇಳಿದ್ದರು. ಮ್ಯಾನೇಜರಿಗೆ ಅದೇ ಚಿಂತೆ.

"ಮಷೀನ್ ಅದ ರೀ ನಮ್ಮಲ್ಲಿ," ಎಂದರು ಬಂದೇನವಾಜ್. "ಎಷ್ಟು ಹಸಿ ಅದ ಅಂತ ನಂಬರ್ ಹೇಳ್ತದ. ಮುಂದ ಏನ್ ಮಾಡಬೇಕು ಅಂತ ಇವರೇ ಹೇಳಬೇಕು. ಇವರು ಸೈ ಅಂದ ಮಾಲು ಮಿಲ್ಲಿಗೆ ಹಾಕಿದ್ರ ಬ್ಯಾಳಿ ಒಡೆಯೂದಿಲ್ಲ. ಇಬ್ಬರು ಹುಡುಗ್ಯಾರಿಗೆ ಕಲಸ್ರಿ ಅಂತ ಆರು ತಿಂಗಳಿಂದ ಹೇಳಾಕತ್ತೀನಿ. ಆಗವಲ್ದು."

ಶೇವಂತಾಬಾಯಿ ನನ್ನ ಕಡೆಗೆ ನೋಡಿ, "ಬರ್ರಿ ಮೇಡಮ್ಮೋರೆ, ನೀವೂ ಕೂಡ್ರಿ" ಎಂದು ಗೋಣಿಚೀಲ ಸರಿಸಿ ಜಾಗ ಮಾಡಿದರು. ನಾನು ಕೂರಲಿಲ್ಲ. ಹುಡುಗರು ಸುತ್ತ ಕೂತರು.

ಅವರು ಒಂದು ಹಿಡಿ ತೊಗರಿ ಎತ್ತಿ ಅಂಗೈಯಲ್ಲಿ ತಿಕ್ಕಿದರು, ಕಿವಿಯ ಹತ್ತಿರ ಹಿಡಿದು ಅಲುಗಿಸಿದರು, ಒಂದು ಕಾಳು ಬಾಯಿಗೆ ಹಾಕಿ ಕಚ್ಚಿದರು. "ಇದಕ್ಕ ಇನ್ನೊಂದ ಬಿಸಿಲು ಬೇಕು" ಎಂದರು. ಹೇಗೆ ಗೊತ್ತಾಯಿತು ಎಂದು ಸೃಷ್ಟಿ ಕೇಳಿದಳು. "ಹೆಂಗಂದ್ರ ಏನ್ ಹೇಳ್ಲಿ ಯವ್ವಾ, ಗೊತ್ತಾಗ್ತದ" ಎಂದು ನಕ್ಕರು.

ಮಾಧವಿ, ನನ್ನ ಅಧ್ಯಾಯ ಇಲ್ಲಿಗೆ ಮುಗಿಯುತ್ತದೆ. ಇಂಥ ಜ್ಞಾನವನ್ನು ಹೇಳಲು ಬರುವುದಿಲ್ಲ ಎಂದು ಬರೆದು ನಾನು ಪೆನ್ನು ಮುಚ್ಚಿದ್ದೆ. ಸೃಷ್ಟಿ ಮುಚ್ಚಲಿಲ್ಲ. ಹೇಗೆ ಎಂದು ಕೇಳುವುದನ್ನು ಬಿಟ್ಟು, ಒಣಗಿದ ಕಾಳೊಂದನ್ನು ಕೊಡಿ, ಒಣಗದ ಕಾಳೊಂದನ್ನು ಕೊಡಿ ಎಂದಳು. ಎರಡನ್ನೂ ತಾನೇ ಕಚ್ಚಿದಳು. ಶೇವಂತಾಬಾಯಿಯ ಮುಖ ಅರಳಿತು. "ಹಾಂ, ಇದು ಕಟ್ ಅಂತು ನೋಡು. ಇದು ಹಲ್ಲಿಗಿ ಹತ್ತಿ ಚಪ್ಪಟಿ ಆತು" ಎಂದರು. ಅಜಿತ ಎಂಬ ಹುಡುಗ ಆಗಲೇ ಬರೆದುಕೊಳ್ಳುತ್ತಿದ್ದ. ಕೈಯಿಂದ ಸಿಪ್ಪೆ ಸಡಿಲಾಗಿದೆಯೋ ಎಂದು ನೋಡುತ್ತಾರೆ, ಕಿವಿಯಿಂದ ಸದ್ದು ಕೇಳುತ್ತಾರೆ, ಹಲ್ಲಿನಿಂದ ಒಳಗಿನ ಹಸಿ ತಿಳಿಯುತ್ತಾರೆ, ಮೂರೂ ಬೇರೆ ಬೇರೆ ಪರೀಕ್ಷೆ ಎಂದು ಹೇಳಿದ. ಶೇವಂತಾಬಾಯಿ ತಮ್ಮ ಕೈಯನ್ನೇ ಒಮ್ಮೆ ತಿರುಗಿಸಿ ನೋಡಿಕೊಂಡರು. "ಮೂರು ಮಾಡ್ತೀನೇನು ನಾ?" ಎಂದರು.

ಸಂಜೆಯತನಕ ಅಲ್ಲೇ ಇದ್ದೆವು. ಹುಡುಗರು ಇನ್ನೂ ಮೂರು ಸಲ ಹೋದರು. ಐದು ಸ್ಟೀಲ್ ಡಬ್ಬಿಗಳಲ್ಲಿ ಐದು ಹದದ ತೊಗರಿ ತುಂಬಿ, ಪ್ರತಿಯೊಂದರ ಮೇಲೂ ಶೇವಂತಾಬಾಯಿ ಹೇಳಿದ ಮಾತನ್ನೇ ಬರೆದು ಅಂಟಿಸಿದರು: "ಕಟ್ ಅಂತದ", "ಅರ್ಧಕ್ಕ ನಿಂತದ", "ಇನ್ನೊಂದ ಬಿಸಿಲು" ಹೀಗೆ. ಹೊಸ ಹುಡುಗಿಯರಿಬ್ಬರೂ ದಿನಾ ಬೆಳಿಗ್ಗೆ ಡಬ್ಬಿಯ ಕಾಳು ಕಚ್ಚಿ, ಆಮೇಲೆ ಅಂಗಳದ ಕಾಳು ಕಚ್ಚಿ ಹೋಲಿಸಬೇಕು. ಕಾಳು ಹದ ಕಳೆದುಕೊಳ್ಳುತ್ತದೆ, ಡಬ್ಬಿಗಳನ್ನು ವಾರಕ್ಕೊಮ್ಮೆ ಶೇವಂತಾಬಾಯಿಯೇ ಹೊಸದಾಗಿ ತುಂಬುತ್ತಾರೆ. ಮೊದಲ ವಾರ ಹತ್ತರಲ್ಲಿ ಆರು ಸಲ ತಪ್ಪು. ಮೊನ್ನೆ ಶುಕ್ರವಾರ ಬಂದೇನವಾಜ್ ಫೋನ್ ಮಾಡಿ, ಒಬ್ಬ ಹುಡುಗಿ ಸತತ ಎಂಟು ಸಲ ಶೇವಂತಾಬಾಯಿ ಹೇಳಿದ್ದನ್ನೇ ಹೇಳಿದಳು ಎಂದರು. ಶೇವಂತಾಬಾಯಿ ಕೆಲಸ ಬಿಡುತ್ತಿಲ್ಲ. ಯುಗಾದಿಯ ನಂತರ ವಾರಕ್ಕೆ ಎರಡು ದಿನ, ಕುರ್ಚಿಯ ಮೇಲೆ ಕೂತು, ಕಲಿಸುವುದಕ್ಕೆ ಮಾತ್ರ ಬರುತ್ತಾರೆ. ಕುರ್ಚಿ ಹಾಕಿಸಬೇಕೆಂದು ಕೇಳಿದವಳು ಸೃಷ್ಟಿ.

ಈ ಪತ್ರದ ಜೊತೆ ಮೂವತ್ತೆರಡು ಹಾಳೆಗಳನ್ನೂ ಇಟ್ಟಿದ್ದೇನೆ. ಒಂದನ್ನೂ ತೆಗೆದಿಲ್ಲ. ಹನ್ನೊಂದು ಮಕ್ಕಳು ಸೇರಿ ಹೊಸದಾಗಿ ಬರೆದ ನಾಲ್ಕನೇ ಅಧ್ಯಾಯವೂ ಇದೆ, ಹದಿನಾಲ್ಕು ಪುಟ. ನಾನು ಒತ್ತು, ದೀರ್ಘ ತಿದ್ದಿದ್ದು ಬಿಟ್ಟರೆ ಕೊನೆಯ ಎರಡು ಪುಟ ಮಾತ್ರ ಬರೆದಿದ್ದೇನೆ. ಪುಸ್ತಕವನ್ನು ನಿಲ್ಲಿಸಬೇಡ. ನನ್ನ ಹಳೆಯ ನಲವತ್ತು ಪುಟ ತೆಗೆದು ಇದನ್ನು ಹಾಕು.

ನನ್ನ ಹೆಸರು ಬೇಕಿಲ್ಲ ಎಂದು ದೊಡ್ಡ ಮನಸ್ಸಿನ ಒಂದು ಸಾಲು ಬರೆದು ಈಗಷ್ಟೇ ಕಾಟು ಹಾಕಿದೆ. ಬೇಕು, ಮಾಧವಿ. ಅಧ್ಯಾಯದ ತಲೆಯಲ್ಲಿ ಹನ್ನೊಂದು ಹೆಸರು, ಆಮೇಲೆ ನನ್ನದು. ಪ್ರಕಾಶಕರು ಬೇಡವೆಂದರೆ ಈ ಸಲ ಜಗಳವಾಡು, ನಾನೂ ಬರುತ್ತೇನೆ. ಅಂದು ನೀನು ಜಗಳವಾಡಿರದಿದ್ದರೆ ಅದನ್ನೂ ಹೇಳು. ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿದ್ದೇನೆ. ಫೋನ್ ಮಾಡು, ಎತ್ತುತ್ತೇನೆ.

ನಿನ್ನ ಗೆಳತಿ, ಈಗಲೂ,
ಸಂಘಮಿತ್ರಾ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು: ಹಾಸ್ಟೆಲ್ಲಿನಲ್ಲಿ ನಮ್ಮವ್ವ ಅಂಗನವಾಡಿ ಟೀಚರ್ ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಶೇವಂತಾಬಾಯಿ ನಮ್ಮವ್ವ. ಅವತ್ತು ಮಿಲ್ಲಿನಲ್ಲಿ ವಿದ್ಯಾರ್ಥಿಗಳ ಮುಂದೆ ನಾನು ಅವ್ವ ಎನ್ನಲಿಲ್ಲ. ಬಂದೇನವಾಜ್ ಅವರಿಗೂ ಏನೂ ಹೇಳಬೇಡಿ ಎಂದು ಕೇಳಿಕೊಂಡಿದ್ದೆ. ಅವ್ವ ನನ್ನ ಮುಖ ನೋಡಿಯೇ ತಿಳಿದುಕೊಂಡು ಮೇಡಮ್ಮೋರೆ ಎಂದಳು. ಮರುದಿನ ತರಗತಿಯಲ್ಲಿ ನಿಂತು ಹೇಳಿದೆ, ಆಕೆ ನಮ್ಮ ತಾಯಿ ಎಂದು. ಆಮೇಲೆ ಸೃಷ್ಟಿ, "ಹಂಗಾರ ಅವರ ಪೂರ್ತಿ ಹೆಸರು ಹೇಳ್ರಿ ಮೇಡಂ, ಬರಕೋತೀನಿ" ಎಂದಳು. ಸಂಜೆ ಗಂಜಿನ ಹತ್ತಿರದ ಅವ್ವನ ಮನೆಗೆ ಹೋಗಿ ಅವಳಿಗೂ ಹೇಳಿದೆ. ಅವ್ವ ಎದ್ದು ಚಹಾಕ್ಕೆ ಇಟ್ಟಳು. ನಿನ್ನೆ ನಾನು, ಬರುವ ರವಿವಾರ ಮಾಧವಿಯನ್ನು ಊಟಕ್ಕೆ ಕರೆಯುತ್ತೇನೆ ಎಂದಾಗ, "ಆಚಾರ್ರ ಮನಿ ಹುಡುಗಿ, ನಮ್ಮನ್ಯಾಗ ಉಣ್ತಾಳೇನು?" ಎಂದು ಕೇಳಿದಳು. ಹಾಸ್ಟೆಲ್ಲಿನಲ್ಲಿ ಎರಡು ವರ್ಷ ಒಂದೇ ತಾಟಿನಲ್ಲಿ ಉಂಡಿದ್ದೇವೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ನೀನೇ ಬಂದು ಹೇಳು.